ಹದಿನಾಲ್ಕು ದಿನಗಳ ಲೆಕ್ಕ

ಉತ್ತರ ಅಟ್ಲಾಂಟಿಕ್ ಮಹಾಸಾಗರದಲ್ಲಿ, ಸ್ಕಾಟ್ಲೆಂಡಿಗೂ ಐಸ್‌ಲೆಂಡಿಗೂ ನಡುವೆ, ಹದಿನೆಂಟು ದ್ವೀಪಗಳ ಒಂದು ಚಿಕ್ಕ ಸಮೂಹವಿದೆ. ಅವುಗಳಿಗೆ ಫೇರೋ ದ್ವೀಪಗಳೆಂದು ಹೆಸರು. ಕಡಿದಾದ ಬಂಡೆಗಳು, ಮರಗಳಿಲ್ಲದ ಹಸುರು ಬೆಟ್ಟಗಳು, ಎಡೆಬಿಡದೆ ಬೀಸುವ ಕಡಲ ಗಾಳಿ ಇವು ಆ ನಾಡಿನ ಲಕ್ಷಣಗಳು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಡೆನ್ಮಾರ್ಕ್ ದೇಶದ ಆಳ್ವಿಕೆಗೆ ಒಳಪಟ್ಟಿದ್ದ ಈ ದ್ವೀಪಗಳಲ್ಲಿ ಸುಮಾರು 7,800 ಜನರು ವಾಸವಾಗಿದ್ದರು. ಕುರಿ ಸಾಕುವುದು, ಮೀನು ಹಿಡಿಯುವುದು ಅವರ ಜೀವನೋಪಾಯ. ಅಲ್ಲಿನ ವ್ಯಾಪಾರವೆಲ್ಲ ಸರ್ಕಾರದ ಕೈಯಲ್ಲಿಯೇ ಇದ್ದುದರಿಂದ ಹೊರನಾಡಿನ ಹಡಗುಗಳು ಅಲ್ಲಿಗೆ ಬರುವುದು ಅಪರೂಪವಾಗಿತ್ತು. ಹಡಗುಗಳು ಬಾರದಿದ್ದಾಗ ಅವುಗಳೊಡನೆ ಬರುವ ರೋಗಗಳೂ ಬರುತ್ತಿರಲಿಲ್ಲ. 1781ರಲ್ಲಿ ಒಮ್ಮೆ ದಡಾರ ಆ ದ್ವೀಪಗಳಿಗೆ ಬಂದು ಹೋಗಿತ್ತು. ಆಮೇಲೆ ಅರವತ್ತೈದು ವರ್ಷಗಳ ಕಾಲ ಅದರ ಸುಳಿವೇ ಇರಲಿಲ್ಲ.

1846ನೆಯ ಇಸವಿಯ ಮಾರ್ಚ್ 28ರಂದು ದ್ವೀಪಗಳ ಮುಖ್ಯ ಪಟ್ಟಣವಾದ ತೋರ್ಸ್‌ಹಾವ್ನ್‌ಗೆ ಮರಗೆಲಸದವನೊಬ್ಬನು ಬಂದಿಳಿದನು. ಆತನು ಕೋಪನ್‌ಹೇಗನ್ ನಗರವನ್ನು ಬಿಟ್ಟುದು ಮಾರ್ಚ್ 20ರಂದು. ಹೊರಡುವುದಕ್ಕೆ ಸ್ವಲ್ಪ ಮುಂಚೆ ಆತನು ಅಲ್ಲಿ ದಡಾರದಿಂದ ಮಲಗಿದ್ದ ಕೆಲವರನ್ನು ಕಂಡುಬಂದಿದ್ದನು. ದ್ವೀಪಕ್ಕೆ ಬಂದಾಗ ಆತನಲ್ಲಿ ರೋಗದ ಯಾವ ಗುರುತೂ ಇರಲಿಲ್ಲ. ಏಪ್ರಿಲ್ ತಿಂಗಳ ಆರಂಭದಲ್ಲಿ ಆತನಿಗೆ ದಡಾರ ಕಾಣಿಸಿತು. ಮುಂದೆ ಆತನ ಇಬ್ಬರು ಆಪ್ತ ಗೆಳೆಯರು ಹಾಸಿಗೆ ಹಿಡಿದರು. ಅವರ ಬಳಿಕ ನೆರೆಹೊರೆಯವರು, ನೆರೆಹೊರೆಯವರ ಬಳಿಕ ಇಡೀ ಪಟ್ಟಣ, ಪಟ್ಟಣದ ಬಳಿಕ ದೋಣಿಗಳು ಹೋಗಿ ಬರುವ ಹಳ್ಳಿಗಳು, ಹೀಗೆ ರೋಗವು ಒಂದು ದ್ವೀಪದಿಂದ ಇನ್ನೊಂದಕ್ಕೆ ದಾಟಿತು. ಕೆಲವೇ ತಿಂಗಳುಗಳಲ್ಲಿ ಸುಮಾರು 6,000 ಜನರು ಅದಕ್ಕೆ ತುತ್ತಾದರು. ನೂರಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ದಡಾರ ಮಕ್ಕಳ ರೋಗವೆಂಬುದು ಲೋಕದ ನಂಬಿಕೆ. ಆದರೆ ಇಲ್ಲಿ ಮಕ್ಕಳು, ತರುಣರು, ನಡುವಯಸ್ಸಿನವರು ಎಂಬ ಭೇದವಿಲ್ಲದೆ ಮನೆಮಂದಿಯೆಲ್ಲ ಏಕಕಾಲಕ್ಕೆ ಮಲಗಿದರು. ಒಬ್ಬರನ್ನೊಬ್ಬರು ನೋಡಿಕೊಳ್ಳುವವರೇ ಇಲ್ಲದಂತಾಯಿತು.

ಈ ಸುದ್ದಿಯನ್ನು ಕೇಳಿದ ಡೆನ್ಮಾರ್ಕ್ ಸರ್ಕಾರವು ಇಬ್ಬರು ತರುಣ ವೈದ್ಯರನ್ನು ದ್ವೀಪಗಳಿಗೆ ಕಳುಹಿಸಿತು. ಅವರಲ್ಲಿ ಒಬ್ಬನು ಪೀಟರ್ ಲುಡ್ವಿಗ್ ಪಾನುಮ್. ಆತನಿಗೆ ಆಗ ಇಪ್ಪತ್ತೈದು ವರ್ಷ. ವೈದ್ಯ ವಿದ್ಯಾಭ್ಯಾಸವನ್ನು ಮುಗಿಸಿ ಹೆಚ್ಚು ಕಾಲವಾಗಿರಲಿಲ್ಲ. ಇನ್ನೊಬ್ಬನು ಆಗಸ್ಟ್ ಮಾನಿಕಸ್. ದಡಾರವನ್ನು ಗುಣಪಡಿಸುವ ಔಷಧ ಇಬ್ಬರ ಬಳಿಯೂ ಇರಲಿಲ್ಲ. ಅಂತಹ ಔಷಧ ಆಗ ಜಗತ್ತಿನಲ್ಲಿಯೇ ಇರಲಿಲ್ಲ. ಪಾನುಮನ ಕೈಯಲ್ಲಿದ್ದುದು ಒಂದು ಲೇಖನಿ, ಒಂದಿಷ್ಟು ಕಾಗದ ಹಾಗೂ ಜನರನ್ನು ತಾಳ್ಮೆಯಿಂದ ಪ್ರಶ್ನಿಸುವ ಗುಣ. ಅಷ್ಟರಿಂದಲೇ ಆತನು ಮನುಕುಲಕ್ಕೆ ಬಹು ದೊಡ್ಡ ಉಪಕಾರವನ್ನು ಮಾಡಿದನು.

ಆ ಕಾಲದಲ್ಲಿ ಸಾಂಕ್ರಾಮಿಕ ರೋಗಗಳು ಹೇಗೆ ಹರಡುತ್ತವೆಂಬ ವಿಷಯದಲ್ಲಿ ವೈದ್ಯರಲ್ಲಿಯೇ ಒಮ್ಮತವಿರಲಿಲ್ಲ. ನೆಲದಿಂದ, ಕೊಳೆತ ವಸ್ತುಗಳಿಂದ ಏಳುವ ಕೆಟ್ಟ ಗಾಳಿಯೇ ಅನೇಕ ರೋಗಗಳಿಗೆ ಕಾರಣವೆಂದು ಹಲವು ವಿದ್ವಾಂಸರು ವಾದಿಸುತ್ತಿದ್ದರು. ರೋಗವು ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ದಾಟುತ್ತದೆಂಬುದು ಇನ್ನು ಕೆಲವರ ಮತ. ಒಂದು ದೊಡ್ಡ ನಗರದಲ್ಲಿ ಈ ವಾದವನ್ನು ಬಗೆಹರಿಸುವುದು ಸುಲಭವಲ್ಲ. ಅಲ್ಲಿ ಯಾರು ಯಾರನ್ನು ಎಲ್ಲಿ ಭೇಟಿಯಾದರು, ಯಾರಿಂದ ಯಾರಿಗೆ ಸೋಂಕು ತಗಲಿತು ಎಂಬುದನ್ನು ಹೇಳಬಲ್ಲವರು ಯಾರು? ಆದರೆ ಫೇರೋ ದ್ವೀಪಗಳ ಸಂಗತಿ ಬೇರೆ. ಹಳ್ಳಿಗಳು ಚಿಕ್ಕವು. ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಹೋಗಲು ಬೆಟ್ಟವನ್ನು ಹತ್ತಬೇಕು, ಇಲ್ಲವೆ ದೋಣಿಯಲ್ಲಿ ಸಾಗಬೇಕು. ಹೊರಗಿನವರು ಊರಿಗೆ ಬಂದ ದಿನವನ್ನು ಎಲ್ಲರೂ ನೆನಪಿಟ್ಟುಕೊಂಡಿರುತ್ತಾರೆ. ಪಾನುಮನು 52 ಹಳ್ಳಿಗಳ ವಿವರಗಳನ್ನು ಕಲೆಹಾಕಿದನು. ಪ್ರತಿಯೊಂದು ಊರಲ್ಲಿ ಆತನು ಕೇಳುತ್ತಿದ್ದ ಪ್ರಶ್ನೆಗಳು ಬಹು ಸರಳವಾದವು. ಮೊದಲು ಕಾಯಿಲೆ ಬಿದ್ದವರು ಯಾರು? ಅವರ ಮೈಮೇಲೆ ಕೆಂಪು ದದ್ದುಗಳು ಎದ್ದ ದಿನ ಯಾವುದು? ಅದಕ್ಕೆ ಮೊದಲು ಅವರು ಎಲ್ಲಿಗೆ ಹೋಗಿದ್ದರು? ಯಾರನ್ನು ಕಂಡಿದ್ದರು?

ಟಿಯೋರ್ನುವಿಕ್ ಎಂಬ ಹಳ್ಳಿಯಲ್ಲಿ ಈ ಪ್ರಶ್ನೆಗಳಿಗೆ ದೊರೆತ ಉತ್ತರವು ವೈದ್ಯವಿಜ್ಞಾನದ ಚರಿತ್ರೆಯಲ್ಲಿ ಉಳಿದುಕೊಂಡಿದೆ. ಈ ದ್ವೀಪವಾಸಿಗಳಿಗೆ ತಿಮಿಂಗಿಲದ ಬೇಟೆ ಒಂದು ಸಾಮೂಹಿಕ ಕಾರ್ಯ. ತಿಮಿಂಗಿಲಗಳ ಹಿಂಡು ಕಾಣಿಸಿತೆಂಬ ಸುದ್ದಿ ಹಬ್ಬಿದೊಡನೆ ಸುತ್ತಲಿನ ಊರುಗಳ ಗಂಡಸರೆಲ್ಲ ದೋಣಿಗಳನ್ನು ಕಡಲಿಗಿಳಿಸಿ, ಹಿಂಡನ್ನು ಕೊಲ್ಲಿಯೊಂದರೊಳಕ್ಕೆ ಅಟ್ಟುತ್ತಾರೆ. 1846ರ ಜೂನ್ 4ರಂದು ವೆಸ್ಟ್‌ಮನ್ನಾ ಎಂಬ ಬಂದರಿನಲ್ಲಿ ಅಂತಹ ಬೇಟೆಯೊಂದು ನಡೆಯಿತು. ಟಿಯೋರ್ನುವಿಕ್‌ನಿಂದ ಒಂದು ದೋಣಿಯಲ್ಲಿ ಹತ್ತು ಮಂದಿ ಅಲ್ಲಿಗೆ ಹೋಗಿದ್ದರು. ಬೇಟೆ ಮುಗಿಯಿತು, ಹತ್ತು ಮಂದಿಯೂ ತಮ್ಮ ಊರಿಗೆ ಹಿಂದಿರುಗಿ ಎಂದಿನಂತೆ ಕೆಲಸದಲ್ಲಿ ತೊಡಗಿದರು. ಜೂನ್ 18ರಂದು ಆ ಹತ್ತು ಮಂದಿಯ ಮೈಮೇಲೂ ಒಟ್ಟಿಗೆ ದಡಾರದ ದದ್ದುಗಳು ಎದ್ದವು. ನಾಲ್ಕರಿಂದ ಹದಿನೆಂಟಕ್ಕೆ ಹದಿನಾಲ್ಕು ದಿನಗಳು. ಮತ್ತೆ ಸುಮಾರು ಹದಿನಾಲ್ಕು ದಿನಗಳು ಕಳೆಯುವಷ್ಟರಲ್ಲಿ ಆ ಹತ್ತು ಮಂದಿಯ ಮನೆಯವರು, ನೆರೆಯವರು ಮಲಗಿದರು.

ಒಂದು ಹಳ್ಳಿಯಲ್ಲಿ ಹೀಗಾದರೆ ಅದನ್ನು ಆಕಸ್ಮಿಕವೆನ್ನಬಹುದು. ಆದರೆ ಹಳ್ಳಿಯಿಂದ ಹಳ್ಳಿಗೆ ಹೋದಂತೆಲ್ಲ ಪಾನುಮನಿಗೆ ಅದೇ ಲೆಕ್ಕವು ಎದುರಾಯಿತು. ರೋಗಿಯ ಸಂಪರ್ಕವಾದ ದಿನಕ್ಕೂ ದದ್ದುಗಳು ಏಳುವ ದಿನಕ್ಕೂ ನಡುವೆ ಹದಿಮೂರು ಅಥವಾ ಹದಿನಾಲ್ಕು ದಿನಗಳ ಅಂತರ. ಕೆಟ್ಟ ಗಾಳಿಯೇ ರೋಗಕ್ಕೆ ಕಾರಣವಾಗಿದ್ದರೆ ಅದು ಹೀಗೆ ದಿನಗಳನ್ನೆಣಿಸಿ, ದೋಣಿಗಳನ್ನು ಹಿಂಬಾಲಿಸಿ, ಹೊರಗಿನವರು ಬಂದ ಮನೆಯನ್ನೇ ಹುಡುಕಿಕೊಂಡು ಬರುವುದು ಸಾಧ್ಯವಿರಲಿಲ್ಲ. ದಡಾರವು ಮನುಷ್ಯನಿಂದ ಮನುಷ್ಯನಿಗೆ ಅಂಟುವ ರೋಗವೆಂಬುದನ್ನು ಈ ಲೆಕ್ಕವೇ ತೋರಿಸಿಕೊಟ್ಟಿತು. ಸೋಂಕು ದೇಹವನ್ನು ಹೊಕ್ಕು ಹೊರಗೆ ಕಾಣಿಸದೆ ಬೆಳೆಯುವ ಈ ಅವಧಿಗೆ ಸುಪ್ತಾವಧಿ ಎಂದು ಹೆಸರು.

ಪಾನುಮನು ಇನ್ನೊಂದು ಸಂಗತಿಯನ್ನೂ ಗಮನಿಸಿದನು. ಊರೆಲ್ಲ ಮಲಗಿದ್ದಾಗ ಕೆಲವು ವೃದ್ಧರು ಮಾತ್ರ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದರು. ವಿಚಾರಿಸಲಾಗಿ, ಅವರೆಲ್ಲರೂ 1781ರಲ್ಲಿ, ತಮ್ಮ ಎಳವೆಯಲ್ಲಿ, ದಡಾರಕ್ಕೆ ತುತ್ತಾಗಿ ಬದುಕಿದವರೆಂದು ತಿಳಿಯಿತು. ಅಂತಹ 98 ಮಂದಿ ವೃದ್ಧರನ್ನು ಆತನು ಸ್ವತಃ ಕಂಡನು. ಅವರಲ್ಲಿ ಒಬ್ಬರಿಗಾದರೂ ಎರಡನೆಯ ಸಲ ರೋಗ ಬಂದಿರಲಿಲ್ಲ. ಮುಪ್ಪೇ ಅವರನ್ನು ಕಾಪಾಡಿತೆನ್ನಲು ಆಸ್ಪದವಿರಲಿಲ್ಲ. ಏಕೆಂದರೆ ಎಳವೆಯಲ್ಲಿ ದಡಾರ ಬಾರದಿದ್ದ ಮುದುಕರು ಈಗ ಅದಕ್ಕೆ ತುತ್ತಾಗಿದ್ದರು. ಒಮ್ಮೆ ದಡಾರವನ್ನು ಎದುರಿಸಿ ಗೆದ್ದ ದೇಹವು ಅರವತ್ತೈದು ವರ್ಷಗಳಾದರೂ ಅದನ್ನು ಮರೆಯುವುದಿಲ್ಲ ಎಂಬುದು ಇದರಿಂದ ಸಿದ್ಧವಾಯಿತು. ಮುಂದೆ ಲಸಿಕೆಯೆಂಬ ಸಾಧನಕ್ಕೆ ದಡಾರದ ಮಟ್ಟಿಗೆ ಭರವಸೆಯನ್ನು ಕೊಟ್ಟುದು ಈ ಸತ್ಯವೇ.

ಹೊರಗಿನವರೊಡನೆ ಸಂಪರ್ಕವನ್ನು ಕಡಿದುಕೊಂಡ ಕೆಲವು ಹಳ್ಳಿಗಳಿಗೂ ಮನೆಗಳಿಗೂ ರೋಗವು ಕಾಲಿಡಲಿಲ್ಲವೆಂಬುದನ್ನು ಸಹ ಆತನು ದಾಖಲಿಸಿದನು. ಔಷಧವಿಲ್ಲದ ಕಾಲದಲ್ಲಿಯೂ ತಿಳುವಳಿಕೆಯೊಂದೇ ನೂರಾರು ಜನರನ್ನು ಉಳಿಸಿತ್ತು. ತಾನು ಕಂಡುದನ್ನೆಲ್ಲ ಪಾನುಮನು 1847ರಲ್ಲಿ ಪ್ರಕಟಿಸಿದನು.

ಈ ತಿಳುವಳಿಕೆಯು ಪುಸ್ತಕದಲ್ಲಿದ್ದರೆ ಸಾಲದು. ಬೇಕಾದ ಹೊತ್ತಿಗೆ ಅದು ಆಚರಣೆಗೆ ಬರಬೇಕು. ಹಾಗೆ ಬಾರದಿದ್ದರೆ ಏನಾಗುತ್ತದೆಂಬುದಕ್ಕೆ ಶಾಂತಸಾಗರದ ಫಿಜಿ ದ್ವೀಪಗಳ ಕಥೆ ಸಾಕ್ಷಿಯಾಗಿದೆ. 1874ರಲ್ಲಿ ಫಿಜಿಯು ಬ್ರಿಟಿಷರ ಆಳ್ವಿಕೆಗೆ ಸೇರಿತು. ಆ ಬಳಿಕ ಅಲ್ಲಿನ ಅರಸನಾದ ಥಾಕೊಂಬೌ ತನ್ನ ಪರಿವಾರದೊಡನೆ ಆಸ್ಟ್ರೇಲಿಯದ ಸಿಡ್ನಿ ನಗರಕ್ಕೆ ಹೋಗಿ, 1875ರ ಜನವರಿಯಲ್ಲಿ ‘ಡೈಡೊ’ ಎಂಬ ಬ್ರಿಟಿಷ್ ನೌಕೆಯಲ್ಲಿ ಹಿಂದಿರುಗಿದನು. ದಡಾರವೂ ಅದೇ ನೌಕೆಯಲ್ಲಿ ಬಂದಿತು. ಆದರೂ ಪ್ರಯಾಣಿಕರನ್ನು ಪ್ರತ್ಯೇಕವಾಗಿ ಇರಿಸುವ ಕ್ರಮವನ್ನು ಯಾರೂ ಕೈಗೊಳ್ಳಲಿಲ್ಲ. ಕೆಲವೇ ದಿನಗಳಲ್ಲಿ ನಾನಾ ದ್ವೀಪಗಳ ಮುಖಂಡರ ದೊಡ್ಡ ಸಭೆ ನಡೆಯಿತು. ಸಭೆ ಮುಗಿಸಿ ತಮ್ಮ ತಮ್ಮ ಊರುಗಳಿಗೆ ಹೊರಟವರು ತಮಗರಿವಿಲ್ಲದೆಯೇ ಸೋಂಕನ್ನು ಹೊತ್ತುಕೊಂಡು ಹೋದರು. ಸುಮಾರು ಒಂದೂವರೆ ಲಕ್ಷ ಜನರಿದ್ದ ಆ ನಾಡಿನಲ್ಲಿ ಸುಮಾರು 40,000 ಜನರು ಮಡಿದರು. ಪಾನುಮನ ಬರಹವು ಪ್ರಕಟವಾಗಿ ಆಗ ಇಪ್ಪತ್ತೆಂಟು ವರ್ಷಗಳಾಗಿದ್ದವು.

ದಡಾರಕ್ಕೆ ಕಾರಣವಾದುದು ಬರಿಯ ಕಣ್ಣಿಗೆ ಕಾಣಿಸದ ಒಂದು ವೈರಸ್. ರೋಗಿಯು ಕೆಮ್ಮಿದಾಗ, ಸೀನಿದಾಗ, ಅಷ್ಟೇ ಏಕೆ ಉಸಿರಾಡಿದಾಗಲೂ ಅದು ಸೂಕ್ಷ್ಮವಾದ ಹನಿಗಳೊಡನೆ ಗಾಳಿಗೆ ಸೇರುತ್ತದೆ. ರೋಗಿಯು ಕೋಣೆಯಿಂದ ಎದ್ದು ಹೋದ ಮೇಲೂ ಎರಡು ಗಂಟೆಗಳ ಕಾಲ ಅದು ಅಲ್ಲಿನ ಗಾಳಿಯಲ್ಲಿ ಉಳಿದಿರಬಲ್ಲುದು. ರೋಗನಿರೋಧಕ ಶಕ್ತಿಯಿಲ್ಲದ ಹತ್ತು ಮಂದಿ ರೋಗಿಯ ಸಮೀಪದಲ್ಲಿದ್ದರೆ ಅವರಲ್ಲಿ ಒಂಬತ್ತು ಮಂದಿಗೆ ಸೋಂಕು ತಗಲುತ್ತದೆ. ಮನುಷ್ಯನಿಗೆ ತಿಳಿದಿರುವ ರೋಗಗಳಲ್ಲಿ ಇದರಷ್ಟು ಬೇಗ ಅಂಟುವವು ಬಹು ವಿರಳ.

ರೋಗದ ಮೊದಲ ಲಕ್ಷಣಗಳು ಜ್ವರ, ಕೆಮ್ಮು, ನೆಗಡಿ ಮತ್ತು ಕೆಂಪಾಗಿ ನೀರೂರುವ ಕಣ್ಣುಗಳು. ಸಾಮಾನ್ಯ ಶೀತಕ್ಕೂ ಇದಕ್ಕೂ ಆಗ ವ್ಯತ್ಯಾಸ ತಿಳಿಯುವುದಿಲ್ಲ. ಕೆನ್ನೆಯ ಒಳಭಾಗದಲ್ಲಿ ಉಪ್ಪಿನ ಹರಳುಗಳಂತಹ ಸಣ್ಣ ಬಿಳಿಯ ಚುಕ್ಕೆಗಳು ಮೂಡಬಹುದು. 1896ರಲ್ಲಿ ಹೆನ್ರಿ ಕಾಪ್ಲಿಕ್ ಎಂಬ ವೈದ್ಯನು ಇವುಗಳನ್ನು ವಿವರಿಸಿದುದರಿಂದ ಅವುಗಳಿಗೆ ಕಾಪ್ಲಿಕನ ಚುಕ್ಕೆಗಳೆಂದು ಹೆಸರಾಯಿತು. ಎರಡು ಮೂರು ದಿನಗಳ ಬಳಿಕ ಮುಖದ ಮೇಲೂ ಕಿವಿಯ ಹಿಂಭಾಗದಲ್ಲಿಯೂ ಕೆಂಪು ದದ್ದುಗಳು ಎದ್ದು, ಕ್ರಮೇಣ ಮೈಯೆಲ್ಲ ಹರಡುತ್ತವೆ. ಇಲ್ಲಿ ಗಮನಿಸಬೇಕಾದ ಮುಖ್ಯಾಂಶ ಒಂದುಂಟು. ದದ್ದುಗಳು ಏಳುವುದಕ್ಕೆ ನಾಲ್ಕು ದಿನಗಳ ಮೊದಲಿನಿಂದ, ಎದ್ದ ನಾಲ್ಕು ದಿನಗಳ ನಂತರದವರೆಗೆ ರೋಗಿಯಿಂದ ಇತರರಿಗೆ ಸೋಂಕು ಹರಡುತ್ತದೆ. ಎಂದರೆ, ರೋಗವು ತನ್ನ ಹೆಸರನ್ನು ಹೇಳುವ ಮೊದಲೇ ತನ್ನ ಕೆಲಸವನ್ನು ಆರಂಭಿಸಿರುತ್ತದೆ.

ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ದಡಾರವನ್ನು ‘ಅಮ್ಮ ಬಂದಿದ್ದಾಳೆ’ ಎಂದು ಹೇಳಿ, ಮನೆಯ ಬಾಗಿಲಿಗೆ ಬೇವಿನ ಸೊಪ್ಪನ್ನು ಸಿಕ್ಕಿಸುವ ರೂಢಿ ಬಹುಕಾಲದಿಂದ ಬಂದಿದೆ. ಬೇವಿನ ಸೊಪ್ಪನ್ನು ಕಂಡ ಹೊರಗಿನವರು ಆ ಮನೆಯೊಳಕ್ಕೆ ಕಾಲಿಡುತ್ತಿರಲಿಲ್ಲ. ಮನೆಯವರೂ ಮದುವೆ ಮುಂಜಿಗಳಿಗೆ ಹೋಗುತ್ತಿರಲಿಲ್ಲ. ರೋಗಿಯನ್ನು ಬೇರೆಯಾಗಿ ಇರಿಸಬೇಕೆಂಬ ಹಿರಿಯರ ಅನುಭವದ ವಿವೇಕವು ಈ ರೂಢಿಯಲ್ಲಿ ಅಡಗಿದೆ. ಆದರೆ ಬಾಗಿಲಿಗೆ ಬೇವು ಬರುವುದು ದದ್ದುಗಳು ಎದ್ದ ಮೇಲೆ. ಅಷ್ಟರಲ್ಲಿ ನಾಲ್ಕು ದಿನಗಳು ಕಳೆದಿರುತ್ತವೆ. ಆ ನಾಲ್ಕು ದಿನಗಳಲ್ಲಿ ಮಗು ಶಾಲೆಗೆ ಹೋಗಿರಬಹುದು, ಜಾತ್ರೆಗೆ ಹೋಗಿರಬಹುದು, ಅಜ್ಜಿಯ ಮನೆಗೂ ಹೋಗಿ ಬಂದಿರಬಹುದು. ಬೇವಿನ ಸೊಪ್ಪು ಮುಂದಿನದನ್ನು ತಡೆಯಬಲ್ಲುದು. ಕಳೆದುಹೋದ ದಿನಗಳ ಲೆಕ್ಕವನ್ನು ಅದು ಕೇಳುವುದಿಲ್ಲ. ಜೊತೆಗೆ, ಅಮ್ಮ ತಾನಾಗಿಯೇ ಇಳಿಯುತ್ತಾಳೆಂದು ನಂಬಿ ವೈದ್ಯರ ಬಳಿಗೆ ಹೋಗದೆ ಕುಳಿತರೆ ಮಗುವಿನ ಪ್ರಾಣಕ್ಕೆ ಕುತ್ತು ಒದಗಬಹುದು.

ಏಕೆಂದರೆ ದಡಾರವು ಬಂದು ಹೋಗುವ ಸಾಮಾನ್ಯ ಜ್ವರವಲ್ಲ. ಶ್ವಾಸಕೋಶದ ಉರಿಯೂತ, ತೀವ್ರವಾದ ಭೇದಿ, ಕೆಲವೊಮ್ಮೆ ಮಿದುಳಿನ ಉರಿಯೂತ ಅದರ ಬೆನ್ನ ಹಿಂದೆಯೇ ಬರುತ್ತವೆ. ಪೋಷಣೆಯಿಲ್ಲದ ಮಕ್ಕಳಲ್ಲಿ ಅದು ಕುರುಡುತನವನ್ನೂ ತರಬಲ್ಲುದು. ಬೇರೆ ರೋಗಗಳನ್ನು ಎದುರಿಸಲು ದೇಹವು ಅದುವರೆಗೆ ಗಳಿಸಿಕೊಂಡಿದ್ದ ಶಕ್ತಿಯನ್ನೂ ದಡಾರವು ಬಹುಮಟ್ಟಿಗೆ ಅಳಿಸಿಹಾಕುತ್ತದೆಂದು ಇತ್ತೀಚಿನ ಸಂಶೋಧನೆಗಳು ತಿಳಿಸಿವೆ. ಆದ್ದರಿಂದ ದಡಾರದಿಂದ ಚೇತರಿಸಿಕೊಂಡ ಮಗುವೂ ಮುಂದೆ ಬಹುಕಾಲ ಇತರ ಸೋಂಕುಗಳಿಗೆ ಸುಲಭವಾಗಿ ಒಳಗಾಗುತ್ತದೆ. ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧವು ಇಂದಿಗೂ ಬಳಕೆಯಲ್ಲಿಲ್ಲ. ವಿಶ್ರಾಂತಿ, ಸಾಕಷ್ಟು ನೀರು, ಒಳ್ಳೆಯ ಆಹಾರ, ವೈದ್ಯರ ಮೇಲ್ವಿಚಾರಣೆಯಲ್ಲಿ ಎರಡು ದಿನ ಕೊಡುವ ‘ಎ’ ಜೀವಸತ್ವ ಇವೇ ಚಿಕಿತ್ಸೆಯ ಮುಖ್ಯ ಅಂಗಗಳು. ರೋಗಿಗೆ ಪಥ್ಯದ ಹೆಸರಿನಲ್ಲಿ ಆಹಾರವನ್ನು ಕಡಿಮೆ ಮಾಡುವುದು ತಪ್ಪು.

ರೋಗ ಬಂದ ಮೇಲೆ ಹೋರಾಡುವುದಕ್ಕಿಂತ ಬಾರದಂತೆ ತಡೆಯುವುದೇ ಲೇಸು. ಇದು ಸಾಧ್ಯವಾದುದು ಇಪ್ಪತ್ತನೆಯ ಶತಮಾನದಲ್ಲಿ. 1954ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜಾನ್ ಎಂಡರ್ಸ್ ಮತ್ತು ಥಾಮಸ್ ಪೀಬಲ್ಸ್ ಎಂಬ ವಿಜ್ಞಾನಿಗಳು ದಡಾರದಿಂದ ನರಳುತ್ತಿದ್ದ ಶಾಲಾ ಬಾಲಕನೊಬ್ಬನ ರಕ್ತದಿಂದ ಆ ವೈರಸ್ಸನ್ನು ಬೇರ್ಪಡಿಸಿದರು. ಅದನ್ನು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸಿ, ರೋಗವನ್ನುಂಟುಮಾಡದಷ್ಟು ದುರ್ಬಲಗೊಳಿಸಿ ಲಸಿಕೆಯನ್ನು ಸಿದ್ಧಪಡಿಸಲಾಯಿತು. 1963ರಲ್ಲಿ ಅದು ಬಳಕೆಗೆ ಬಂದಿತು. ದುರ್ಬಲವಾದ ವೈರಸ್ಸನ್ನು ಎದುರಿಸಿದ ದೇಹವು ಬಲಿಷ್ಠವಾದುದನ್ನು ಎದುರಿಸುವ ವಿದ್ಯೆಯನ್ನು ಕಲಿತುಕೊಳ್ಳುತ್ತದೆ. ಫೇರೋ ದ್ವೀಪಗಳ ವೃದ್ಧರು ರೋಗವನ್ನು ಅನುಭವಿಸಿ ಪಡೆದ ರಕ್ಷಣೆಯನ್ನು ಇಂದಿನ ಮಗುವು ರೋಗವಿಲ್ಲದೆಯೇ ಪಡೆಯುತ್ತದೆ. ಲಸಿಕೆಗೆ ಮೊದಲು ಜಗತ್ತಿನಲ್ಲಿ ಪ್ರತಿವರ್ಷವೂ ಸುಮಾರು 26 ಲಕ್ಷ ಜನರು ದಡಾರದಿಂದ ಸಾಯುತ್ತಿದ್ದರೆಂದು ಅಂದಾಜು ಮಾಡಲಾಗಿದೆ. 2023ರಲ್ಲಿ ಈ ಸಂಖ್ಯೆಯು ಒಂದು ಲಕ್ಷಕ್ಕಿಂತ ತುಸು ಹೆಚ್ಚು ಎಂಬಷ್ಟಕ್ಕೆ ಇಳಿದಿತ್ತು. ಹಾಗೆ ಸತ್ತವರಲ್ಲಿ ಬಹುಪಾಲು ಲಸಿಕೆ ದೊರೆಯದ ಎಳೆಯ ಮಕ್ಕಳು.

ಭಾರತದಲ್ಲಿ 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ದಡಾರದ ಲಸಿಕೆಗೂ ಸ್ಥಾನ ದೊರೆಯಿತು. ಒಂದು ಸಲ ಕೊಟ್ಟ ಲಸಿಕೆಯಿಂದ ಎಲ್ಲ ಮಕ್ಕಳಿಗೂ ರಕ್ಷಣೆ ಸಿಗುವುದಿಲ್ಲವಾದ್ದರಿಂದ 2010ರಿಂದ ಎರಡನೆಯ ಸಲವೂ ಕೊಡುವ ವ್ಯವಸ್ಥೆಯನ್ನು ಆರಂಭಿಸಲಾಯಿತು. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಎರಡನ್ನೂ ತಡೆಯುವ ಲಸಿಕೆಯ ಆಂದೋಲನವು ದೇಶದಲ್ಲಿ ಮೊದಲಾದಾಗ, ಅದನ್ನು ಮೊದಲು ಕೈಗೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿಂದ ಹದಿನೈದು ವರ್ಷಗಳವರೆಗಿನ ಮಕ್ಕಳಿಗೆ ಆಗ ಲಸಿಕೆ ಹಾಕಲಾಯಿತು. ಈ ಲಸಿಕೆಯನ್ನು ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳುಗಳ ನಡುವೆ ಇನ್ನೊಮ್ಮೆ ಕೊಡುವುದು ನಿಯಮ.

ಊರಿನ ನೂರು ಜನರಲ್ಲಿ ತೊಂಬತ್ತೈದು ಮಂದಿಗೆ ರಕ್ಷಣೆಯಿದ್ದರೆ ದಡಾರಕ್ಕೆ ಮುಂದೆ ಸಾಗಲು ದಾರಿ ಸಿಗುವುದಿಲ್ಲ. ಆಗ ಲಸಿಕೆಯ ವಯಸ್ಸು ತಲುಪದ ಹಸುಗೂಸುಗಳೂ ಬೇರೆ ಕಾಯಿಲೆಗಳಿಂದ ಲಸಿಕೆ ಪಡೆಯಲಾಗದವರೂ ಇತರರ ಮರೆಯಲ್ಲಿ ಸುರಕ್ಷಿತವಾಗಿರುತ್ತಾರೆ. ಈ ಸಂಖ್ಯೆಯು ಇಳಿದೊಡನೆ ರೋಗವು ಮರಳಿ ಬರುತ್ತದೆ. ಶಾಂತಸಾಗರದ ಸಮೋವಾ ದೇಶದಲ್ಲಿ 2018ರಲ್ಲಿ, ಲಸಿಕೆಯನ್ನು ಬೆರೆಸುವಾಗ ನಡೆದ ಒಂದು ತಪ್ಪಿನಿಂದ ಎರಡು ಶಿಶುಗಳು ಸತ್ತವು. ಲಸಿಕೆಯಲ್ಲಿ ದೋಷವಿರಲಿಲ್ಲವಾದರೂ ಜನರು ಹೆದರಿದರು. ಲಸಿಕೆ ಹಾಕುವುದು ಕೆಲವು ಕಾಲ ನಿಂತಿತು. ಮರುವರ್ಷವೇ ದಡಾರ ಬಂದಿತು. ಸುಮಾರು ಎರಡು ಲಕ್ಷ ಜನಸಂಖ್ಯೆಯ ಆ ನಾಡಿನಲ್ಲಿ 5,700ಕ್ಕೂ ಹೆಚ್ಚು ಜನರಿಗೆ ರೋಗ ತಗಲಿ 83 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಐದು ವರ್ಷಕ್ಕಿಂತ ಕಿರಿಯ ಮಕ್ಕಳು. ಸರ್ಕಾರವು ಶಾಲೆಗಳನ್ನು ಮುಚ್ಚಿತು. 2019ರ ಡಿಸೆಂಬರ್ 5 ಮತ್ತು 6ರಂದು ದೇಶದ ಎಲ್ಲ ವ್ಯವಹಾರಗಳೂ ನಿಂತವು. ಲಸಿಕೆ ಪಡೆಯದವರಿರುವ ಮನೆಗಳ ಮುಂದೆ ಕೆಂಪು ಬಟ್ಟೆಯನ್ನು ಕಟ್ಟಬೇಕೆಂದು ಜನರಿಗೆ ತಿಳಿಸಲಾಯಿತು. ಆ ಬಟ್ಟೆಯನ್ನು ಕಂಡ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಲಸಿಕೆ ಹಾಕಿದರು. ಬಾಗಿಲಿನ ಬೇವು ‘ಬರಬೇಡಿ’ ಎನ್ನುತ್ತಿತ್ತು; ಈ ಕೆಂಪು ಬಟ್ಟೆ ‘ಬನ್ನಿ’ ಎಂದು ಕರೆಯಿತು.

ಸಾರ್ವಜನಿಕ ಸ್ಥಳವೊಂದರಲ್ಲಿ ದಡಾರದ ಸೋಂಕು ಹರಡಿರಬಹುದೆಂಬ ಸುದ್ದಿ ಬಂದಾಗ ಮಾಡಬೇಕಾದುದೇನು? ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಜುಲೈ 15ರಂದು ಬಾಲಕನೊಬ್ಬನ ಮುಖದ ಮೇಲೆ ದದ್ದುಗಳು ಎದ್ದವೆಂದು ಭಾವಿಸಬಹುದು. ಆತನಿಂದ ಸೋಂಕು ಹರಡುವ ಕಾಲವು ಜುಲೈ 11ರಿಂದ 19ರವರೆಗೆ. ಆತನು 12ರಂದು ಒಂದು ಮದುವೆಗೆ ಹೋಗಿದ್ದನು. 14ರಂದು ಬಸ್ಸಿನಲ್ಲಿ ಪ್ರಯಾಣ ಮಾಡಿದ್ದನು. ವೈದ್ಯರು ಸಂಶಯಗೊಂಡೊಡನೆ ಆರೋಗ್ಯ ಇಲಾಖೆಗೆ ತಿಳಿಸುತ್ತಾರೆ; ಪರೀಕ್ಷೆಗೆ ರಕ್ತವನ್ನು ಕಳುಹಿಸುತ್ತಾರೆ. ಮುಂದೆ ಕೇಳುವ ಪ್ರಶ್ನೆಗಳು ಪಾನುಮನು ಕೇಳಿದ ಪ್ರಶ್ನೆಗಳೇ. ಎಲ್ಲಿಗೆ ಹೋಗಿದ್ದೆ? ಯಾವ ದಿನ? ಜೊತೆಯಲ್ಲಿ ಯಾರಿದ್ದರು?

ಸೋಂಕಿಗೆ ಒಳಗಾಗಿರಬಹುದಾದವರು ಮೊದಲು ತಮ್ಮ ಲಸಿಕೆಯ ಚೀಟಿಯನ್ನು ನೋಡಬೇಕು. ಎರಡು ಸಲ ಲಸಿಕೆ ಪಡೆದವರು ಹೆದರಬೇಕಾದುದಿಲ್ಲ. ಒಮ್ಮೆ ದಡಾರ ಬಂದು ಹೋದವರಿಗೂ ಅಷ್ಟೇ. ಲಸಿಕೆ ಪಡೆಯದವರು ಸಂಪರ್ಕವಾದ 72 ಗಂಟೆಗಳೊಳಗಾಗಿ ಪಡೆದರೆ ರೋಗವು ತಪ್ಪಬಹುದು, ಇಲ್ಲವೆ ಸೌಮ್ಯವಾಗಬಹುದು. ಬಸ್ಸಿನಲ್ಲಿದ್ದವರಿಗೆ ಈ ಅವಕಾಶವು 17ರವರೆಗೆ ಇರುತ್ತದೆ. ಮದುವೆಗೆ ಬಂದಿದ್ದವರಿಗೆ ಅದು 15ರಂದೇ ಮುಗಿಯುತ್ತದೆ. ಒಂದು ದಿನದ ಸಂಕೋಚಕ್ಕೂ ಎಂತಹ ಬೆಲೆ ತೆರಬೇಕಾಗುತ್ತದೆಂಬುದು ಇದರಿಂದ ವಿದಿತವಾಗುತ್ತದೆ. ಗರ್ಭಿಣಿಯರಿಗೆ ಈ ಲಸಿಕೆಯನ್ನು ಕೊಡುವಂತಿಲ್ಲ. ಅವರು, ಎಳೆಯ ಶಿಶುಗಳು ಮತ್ತು ತೀರ ದುರ್ಬಲರಾದವರು ಕೂಡಲೆ ವೈದ್ಯರನ್ನು ಕಾಣಬೇಕು. ಅಂತಹವರಿಗೆ ಆರು ದಿನಗಳೊಳಗಾಗಿ ಕೊಡಬಹುದಾದ ರಕ್ಷಕ ಚುಚ್ಚುಮದ್ದು ಬೇರೆಯೇ ಇದೆ.

ಆಮೇಲೆ ದಿನಗಳನ್ನು ಎಣಿಸಬೇಕು. ಮದುವೆಯಲ್ಲಿ ಸೋಂಕು ತಗಲಿದ್ದರೆ ದದ್ದುಗಳು ಏಳುವುದು ಸಾಮಾನ್ಯವಾಗಿ ಹದಿನಾಲ್ಕನೆಯ ದಿನವಾದ ಜುಲೈ 26ರ ಸುಮಾರಿಗೆ. ಕೆಲವರಲ್ಲಿ ಇದು ಏಳು ದಿನಗಳಷ್ಟು ಬೇಗ, ಇಪ್ಪತ್ತೊಂದು ದಿನಗಳಷ್ಟು ತಡವಾಗಿ ಆಗಬಹುದು. ಆದ್ದರಿಂದ ಆಗಸ್ಟ್ 2ರವರೆಗೆ ಎಚ್ಚರಿಕೆಯಿಂದಿರಬೇಕು. ರಕ್ಷಣೆಯಿಲ್ಲದವರು ಆ ಅವಧಿಯಲ್ಲಿ ಆರೋಗ್ಯಾಧಿಕಾರಿಗಳ ಸಲಹೆಯಂತೆ ಶಾಲೆ, ಸಭೆ, ಸಂತೆಗಳಿಂದ ದೂರವಿರಬೇಕು. ಜ್ವರ, ಕೆಮ್ಮು, ಕಣ್ಣುಗಳ ಕೆಂಪು ಕಾಣಿಸಿದರೆ ಆಸ್ಪತ್ರೆಗೆ ಹೋಗುವ ಮೊದಲು ದೂರವಾಣಿಯ ಮೂಲಕವಾಗಲಿ, ಆಶಾ ಕಾರ್ಯಕರ್ತೆಯ ಮೂಲಕವಾಗಲಿ ವಿಷಯವನ್ನು ತಿಳಿಸಬೇಕು. ಹೇಳದೆ ಹೋಗಿ ಆಸ್ಪತ್ರೆಯ ಹಜಾರದಲ್ಲಿ ಕುಳಿತರೆ, ಅಲ್ಲಿ ತಾಯಂದಿರ ತೊಡೆಯ ಮೇಲಿರುವ ಹಸುಗೂಸುಗಳಿಗೆ ಅಪಾಯ. ದದ್ದುಗಳು ಎದ್ದವರು ನಾಲ್ಕು ದಿನಗಳು ಕಳೆಯುವವರೆಗೆ ಮನೆಯಲ್ಲಿಯೇ, ಗಾಳಿ ಬೆಳಕುಗಳಿರುವ ಬೇರೆ ಕೋಣೆಯಲ್ಲಿರಬೇಕು.

ಇವೆಲ್ಲಕ್ಕೂ ತಳಹದಿ ಸತ್ಯವನ್ನು ಹೇಳುವುದು. ಮನೆಯಲ್ಲಿ ದಡಾರವಿದೆಯೆಂದು ಹೇಳಿದರೆ ಜನರು ಏನೆಂದುಕೊಳ್ಳುವರೋ ಎಂದು ಮುಚ್ಚಿಟ್ಟರೆ ರೋಗಕ್ಕೆ ದಾರಿಯನ್ನು ತೆರೆದಂತಾಗುತ್ತದೆ. ಹಾಗೆಯೇ, ರೋಗಿಯನ್ನೂ ಅವನ ಮನೆಯವರನ್ನೂ ಅಪರಾಧಿಗಳಂತೆ ಕಾಣುವ ಸಮಾಜದಲ್ಲಿ ಸತ್ಯವನ್ನು ಹೇಳಲು ಯಾರೂ ಮುಂದೆ ಬರುವುದಿಲ್ಲ. ಟಿಯೋರ್ನುವಿಕ್‌ನ ಬೆಸ್ತರು ತಾವು ಹೋದ ಸ್ಥಳವನ್ನೂ ದಿನವನ್ನೂ ಮರೆಮಾಚದೆ ಹೇಳಿದುದರಿಂದಲೇ ಪಾನುಮನಿಗೆ ಲೆಕ್ಕವು ದೊರೆಯಿತು.

1846ರಲ್ಲಿ ದ್ವೀಪಕ್ಕೆ ಬಂದಿಳಿದ ಆ ಮರಗೆಲಸದವನನ್ನು ದೂರುವಂತಿಲ್ಲ. ತನ್ನೊಡನೆ ಏನು ಬಂದಿದೆಯೆಂಬುದು ಆತನಿಗೆ ತಿಳಿದಿರಲಿಲ್ಲ; ಆ ಕಾಲದಲ್ಲಿ ಅದನ್ನು ತಿಳಿಸಬಲ್ಲವರೂ ಇರಲಿಲ್ಲ. ಆತನ ಬಳಿಕ ಬಂದವರಿಗೆ ಆ ನೆಪವಿಲ್ಲ. ತರುಣ ವೈದ್ಯನೊಬ್ಬನು ಹಳ್ಳಿಯಿಂದ ಹಳ್ಳಿಗೆ ಅಲೆದು ಬರೆದಿಟ್ಟ ಹದಿನಾಲ್ಕು ದಿನಗಳ ಲೆಕ್ಕವು ಇಂದು ಎಲ್ಲರ ಸೊತ್ತು. ಅದನ್ನು ಬಲ್ಲವನು ತನ್ನ ಆರೋಗ್ಯದ ಜೊತೆಗೆ, ತಾನು ಎಂದೂ ಕಾಣದ ನೆರೆಯವನ ಮಗುವಿನ ಆರೋಗ್ಯಕ್ಕೂ ಹೊಣೆಗಾರನಾಗುತ್ತಾನೆ.

ಶಬ್ದಾರ್ಥ

ಸುಪ್ತ – ಮಲಗಿರುವ, ಹೊರಗೆ ಕಾಣಿಸದ
ಎಳವೆ – ಬಾಲ್ಯ
ಪರಿವಾರ – ಜೊತೆಯಲ್ಲಿರುವ ಜನ
ಉರಿಯೂತ – ದೇಹದ ಭಾಗವೊಂದು ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುವುದು
ಕುತ್ತು – ಅಪಾಯ
ವಿದಿತ – ತಿಳಿದ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. 1846ಕ್ಕೆ ಮೊದಲು ಫೇರೋ ದ್ವೀಪಗಳಿಗೆ ದಡಾರ ಬಂದುದು ಯಾವಾಗ?
2. ಸುಪ್ತಾವಧಿ ಎಂದರೇನು?
3. ದಡಾರದ ವೈರಸ್ಸನ್ನು ಬೇರ್ಪಡಿಸಿದ ವಿಜ್ಞಾನಿಗಳು ಯಾರು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಟಿಯೋರ್ನುವಿಕ್‌ನ ಹತ್ತು ಮಂದಿಯಿಂದ ಪಾನುಮನು ತಿಳಿದುಕೊಂಡುದೇನು?
2. ವೃದ್ಧರನ್ನು ಕಾಪಾಡಿದುದು ಅವರ ಮುಪ್ಪಲ್ಲವೆಂದು ಹೇಗೆ ತಿಳಿಯಿತು?
3. ಬಾಗಿಲಿಗೆ ಬೇವಿನ ಸೊಪ್ಪನ್ನು ಸಿಕ್ಕಿಸುವ ರೂಢಿಯ ಗುಣವೇನು? ಕೊರತೆಯೇನು?
4. ದಡಾರದ ಸೋಂಕಿಗೆ ಒಳಗಾಗಿರಬಹುದಾದವರು ಕೈಗೊಳ್ಳಬೇಕಾದ ಕ್ರಮಗಳಾವುವು?

ಇ. ಸಂದರ್ಭವನ್ನು ಸೂಚಿಸಿ ವಿವರಿಸಿರಿ.
1. “ರೋಗವು ತನ್ನ ಹೆಸರನ್ನು ಹೇಳುವ ಮೊದಲೇ ತನ್ನ ಕೆಲಸವನ್ನು ಆರಂಭಿಸಿರುತ್ತದೆ.”
2. “ಆತನ ಬಳಿಕ ಬಂದವರಿಗೆ ಆ ನೆಪವಿಲ್ಲ.”

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಜೀವನೋಪಾಯ, ಸುಪ್ತಾವಧಿ, ಊರಲ್ಲಿ, ಮನೆಯಲ್ಲಿ

ಉ. ಮಾಡಿ ನೋಡಿರಿ.
ಒಬ್ಬನಿಗೆ ಸೆಪ್ಟೆಂಬರ್ 10ರಂದು ದಡಾರದ ದದ್ದುಗಳು ಎದ್ದವೆಂದು ಭಾವಿಸಿ, ಅವನಿಂದ ಸೋಂಕು ಹರಡುವ ದಿನಗಳನ್ನೂ 8ರಂದು ಅವನ ಪಕ್ಕದಲ್ಲಿ ಕುಳಿತಿದ್ದವನು ಎಚ್ಚರಿಕೆಯಿಂದ ಇರಬೇಕಾದ ಕೊನೆಯ ದಿನವನ್ನೂ ಲೆಕ್ಕ ಹಾಕಿರಿ.